ಬರ್ಮಾ ಹೋಟ್ಲಿನ ಅಮ್ಮ

ಅವರ ಕೈಲಿ ಒಮ್ಮೆಯೂ ಬೈಸಿಕೊಳ್ಳದೆ ಆ ಹೋಟೆಲಿನಲ್ಲಿ ಉಂಡು ಎದ್ದವರನ್ನು ನಾನು ನೋಡಿಲ್ಲ. ತಟ್ಟೆಯಲ್ಲಿ ಬಿಟ್ಟರೆ ಬೈಗುಳ, ಗಬಗಬ ನುಂಗಿದರೆ ಬೈಗುಳ, ಉಂಡು ಸುಮ್ಮನೆ ಎದ್ದು ಹೋದರೆ "ಹೆಂಗಿತ್ತು ಅಂತ ಹೇಳೋಕೆ ಬಾಯಿಲ್ಲೇನು?" ಅಂತ ಬೈಗುಳ. ಚೆನ್ನಾಗಿತ್ತು ಅಂದಿರೋ, "ನಂಗೊತ್ತಿಲ್ವಾ? ನಾನೇ ಮಾಡಿದ್ದು" ಅನ್ನುತ್ತಿದ್ದರು. ಹೋದ ವಾರ ಸೊರಬದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಹಳೆಯ ಸಹೋದ್ಯೋಗಿಯೊಬ್ಬರು, "ಗೊತ್ತಾಯ್ತೇನ್ರೀ, ಬರ್ಮಾ ಹೋಟ್ಲಿನ ಅಮ್ಮ ಹೋಗಿಬಿಟ್ರಂತೆ" ಅಂದಾಗ ನನಗೆ ಮೊದಲು ನೆನಪಾದದ್ದು ಆ ಬೈಗುಳಗಳೇ. ಬಸ್ಸು ಬಂತು, ಹತ್ತಿದೆ, ಪುಣ್ಯಕ್ಕೆ ಸೀಟೂ ಸಿಕ್ಕಿತು. ಕೂತ ಮೇಲೆ ಅಳು ಬಂತು. ಪಕ್ಕದಲ್ಲಿದ್ದ ಹೆಂಗಸು ನನ್ನ ಮುಖ ನೋಡಿ, ಕಿಟಕಿ ಪೂರ್ತಿ ತೆಗೆದು, ಗಾಳಿಗೆ ಕೂತ್ಕೊಳ್ಳಿ ಅಂತ ಜಾಗ ಬದಲಿಸಿಕೊಟ್ಟಳು.

ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ನನ್ನ ಊರು ಸೊರಬ; ಅಪ್ಪ ಅಲ್ಲಿ ಭತ್ತದ ವ್ಯಾಪಾರಿ. ನನಗೆ ಶಿಕಾರಿಪುರದ ಮಾರುಕಟ್ಟೆ ಪ್ರಾಂಗಣದ ಕಚೇರಿಯಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತ್ತು. ಬಸ್ಸಿನಲ್ಲಿ ಓಡಾಡಿ ಸೊಂಟ ಬಿದ್ದುಹೋಗಿ, ಕೊನೆಗೆ ಶಿಕಾರಿಪುರದಲ್ಲೇ ಒಂದು ಕೋಣೆ ಹಿಡಿದೆ. ಅಡುಗೆ ನನಗೆ ಆಗಲೂ ಬರುತ್ತಿರಲಿಲ್ಲ, ಈಗಲೂ ಅಷ್ಟಕ್ಕಷ್ಟೆ. ಆದರೆ ಆಗ ಹೆಣ್ಣುಮಗಳೊಬ್ಬಳು ಒಂಟಿಯಾಗಿ ಹೋಟೆಲಿಗೆ ಹೋಗಿ ಉಣ್ಣುವುದೆಂದರೆ ಊರಿಗೆಲ್ಲ ಸುದ್ದಿ. ಹೋದರೂ 'ಫ್ಯಾಮಿಲಿ ರೂಮ್' ಅಂತ ಬರೆದ ಬಾಗಿಲು ಹುಡುಕಿ ಒಳಗೆ ನುಗ್ಗಿ, ಎಣ್ಣೆ ಮೆತ್ತಿದ ಪರದೆ ಎಳೆದುಕೊಂಡು, ಗೋಡೆ ನೋಡುತ್ತಾ ಇಡ್ಲಿ ತಿಂದು, ತಲೆ ತಗ್ಗಿಸಿಕೊಂಡು ಹೊರಗೆ ಬರಬೇಕು.

ಪ್ರಾಂಗಣದ ಎದುರಿನ ಸಾಲಿನಲ್ಲಿ ಬರ್ಮಾ ಹೋಟ್ಲು ಇತ್ತು. ಬೋರ್ಡಿನ ಬಣ್ಣ ಯಾವಾಗಲೋ ಹೋಗಿತ್ತು, ಹೆಸರು ಮಾತ್ರ ಜನರ ಬಾಯಲ್ಲಿ ಉಳಿದಿತ್ತು. ಒಂದು ಮಧ್ಯಾಹ್ನ ಹಸಿವು ತಡೆಯಲಾರದೆ ಹೊಸ್ತಿಲಲ್ಲಿ ನಿಂತು, "ಫ್ಯಾಮಿಲಿ ರೂಮ್ ಎಲ್ಲಿದೆ?" ಅಂತ ಮೆಲ್ಲಗೆ ಕೇಳಿದೆ. ಒಲೆಯ ಮುಂದಿದ್ದ ಗಿಡ್ಡ, ಗುಂಡನೆಯ ಹೆಂಗಸು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

"ಪರದೆ ಹಿಂದೆ ಕೂತು ಉಣ್ಣೋಕೆ ಏನು, ಕದ್ದು ತಂದೀಯಾ?"

ರಟ್ಟೆ ಹಿಡಿದು ಕರೆದುಕೊಂಡು ಹೋಗಿ, ರಸ್ತೆಗೆ ಮುಖ ಮಾಡಿದ ಮುಂದಿನ ಬೆಂಚಿನಲ್ಲಿ ಕೂರಿಸಿಬಿಟ್ಟರು. ಅಲ್ಲಿ ಬಿಳಿ ಟೋಪಿಯ ವ್ಯಾಪಾರಿಗಳು, ಮೂಟೆ ಹೊರುವ ಹಮಾಲರು ಎಲ್ಲ ಉಣ್ಣುವುದು ಬಿಟ್ಟು ನನ್ನನ್ನೇ ನೋಡತೊಡಗಿದರು. ಅಮ್ಮ ಸೌಟು ಎತ್ತಿ, "ಅಣ್ಣಾ, ನಿಮ್ಮ ತಟ್ಟೆ ಇಲ್ಲೈತೆ, ಅಲ್ಲಿಲ್ಲ" ಅಂದರು. ಎಲ್ಲರ ತಲೆಯೂ ಕೆಳಗಾಯಿತು. ಹೊಟ್ಟೆ ತುಂಬ, ಬೆಳಕಿನಲ್ಲಿ, ರಸ್ತೆಯ ಮೇಲೆ ಹೋಗಿಬರುವವರನ್ನು ನೋಡುತ್ತಾ ನಾನು ಹೋಟೆಲಿನಲ್ಲಿ ಉಂಡದ್ದು ಅದೇ ಮೊದಲು. ಆಮೇಲೆ ದಿನವೂ ಅಲ್ಲೇ.

ಅವರು ಹುಟ್ಟಿದ್ದು ರಂಗೂನಿನ ಹತ್ತಿರದ ಒಂದು ಊರಿನಲ್ಲಂತೆ. ಮನೆಮಾತು ತಮಿಳು. ಅಲ್ಲಿ ಸರ್ಕಾರ ಬದಲಾಗಿ ಹೊರಗಿನವರು ಹೊರಡಬೇಕಾಗಿ ಬಂದಾಗ ಗಂಡನ ಜೊತೆ ಹಡಗು ಹತ್ತಿ ಮದ್ರಾಸಿಗೆ ಬಂದರು. ಗಂಡ ಅಕ್ಕಿ ಗಿರಣಿಯ ಮೆಕ್ಯಾನಿಕ್. ಅಂಜನಾಪುರ ಜಲಾಶಯದ ನೀರಿನಿಂದ ಗದ್ದೆಗಳು, ಗದ್ದೆಗಳಿಂದ ಗಿರಣಿಗಳು. ಹಾಗೆ ಕೆಲಸ ಹುಡುಕಿಕೊಂಡು ಶಿಕಾರಿಪುರಕ್ಕೆ ಬಂದದ್ದು. ಗಂಡ ತೀರಿಕೊಂಡ ಮೇಲೆ ಹೋಟೆಲು ಇಟ್ಟರು. ಇಷ್ಟನ್ನೇ ನಾನು ಅವರ ಬಾಯಿಂದ ಹೊರಡಿಸಲು ವರ್ಷ ಹಿಡಿಯಿತು. ಹೆಚ್ಚಿಗೆ ಕೇಳಿದರೆ, "ಹೋದ ಊರಿನ ಸುದ್ದಿ ಕಟ್ಕೊಂಡು ಏನ್ಮಾಡ್ತೀಯ, ಸಾರು ಆರ್ತೈತೆ, ಉಣ್ಣು" ಅನ್ನುತ್ತಿದ್ದರು.

ಬೆಳಿಗ್ಗೆ ಬೇಲದ ಮರದ ತೊಗಟೆಯನ್ನು ಕಲ್ಲಿನ ಮೇಲೆ ತೇದು ಎರಡೂ ಕೆನ್ನೆಗೆ ದುಂಡಗೆ ಹಚ್ಚಿಕೊಳ್ಳುತ್ತಿದ್ದರು. ಅದು ಅವರ ದೇಶದ ಹೆಂಗಸರ ರೂಢಿ. ಕೇರಿಯ ಹೆಂಗಸರು ಮೊದಲು ಅದು ಯಾವುದೋ ಚರ್ಮದ ಕಾಯಿಲೆಗೆ ಔಷಧ ಅಂದುಕೊಂಡು ದೂರ ನಿಲ್ಲುತ್ತಿದ್ದರಂತೆ. ಆ ವಯಸ್ಸಿನಲ್ಲೂ ಅವರ ಕೆನ್ನೆ ಅಷ್ಟು ನುಣುಪಾಗಿ ಇರುವುದನ್ನು ಕಂಡ ಮೇಲೆ, ಒಬ್ಬೊಬ್ಬರಾಗಿ ಹಿತ್ತಿಲ ಬಾಗಿಲಿಗೆ ಬಂದು, "ಒಂಚೂರು ತೊಗಟೆ ಕೊಡ್ರೀ" ಅಂತ ಕೇಳತೊಡಗಿದರು. ಅಮ್ಮ ಕೊಡುತ್ತಿದ್ದರು, "ಇಷ್ಟು ದಿನ ಎಲ್ಲಿ ಹೋಗಿದ್ರಿ?" ಅಂತ ಕೇಳಿಯೇ ಕೊಡುತ್ತಿದ್ದರು.

ಊಟದ ಬಗ್ಗೆ ಹೇಳದಿದ್ದರೆ ಅವರ ಬಗ್ಗೆ ಹೇಳಿದಂತಾಗುವುದಿಲ್ಲ. ಅವರ ಹೋಟೆಲಿನ ಮುಖ್ಯ ತಿನಿಸು ಖಾವ್‌ಸ್ವೆ. ಒತ್ತುಶಾವಿಗೆಯ ಮೇಲೆ ಕಾಯಿಹಾಲಿನ ಸಾರು ಹಾಕುವುದು. ಆ ಸಾರಿಗೆ ಕಡಲೆಹಿಟ್ಟು ಕದಡಿ ಗಟ್ಟಿ ಮಾಡಿರುತ್ತಿದ್ದರು. ಸುತ್ತ ಸಣ್ಣ ಸಣ್ಣ ಬಟ್ಟಲುಗಳಲ್ಲಿ ಕರಿದ ಈರುಳ್ಳಿ, ಕರಿದ ಬೆಳ್ಳುಳ್ಳಿ, ಶೇಂಗಾಪುಡಿ, ಎಣ್ಣೆಯಲ್ಲಿ ಹುರಿದ ಮೆಣಸಿನಪುಡಿ, ಲಿಂಬೆಹೋಳು, ಕೊತ್ತಂಬರಿ. ಯಾರಿಗೆ ಏನು ಬೇಕೋ ಅವರೇ ಹಾಕಿಕೊಳ್ಳಬೇಕು. ಜೊತೆಗೆ ಬಾಳೆದಿಂಡಿನ ಸೂಪು, ಅದಕ್ಕೆ ಕಾಸಿಲ್ಲ, ಕೇಳಿದಷ್ಟು. ಒಂದು ಸಲ ಭತ್ತ ಮಾರಲು ಬಂದ ರೈತ ಗಂಡ ಹೆಂಡತಿ ಊಟಕ್ಕೆ ಕೂತರು. ಶಾವಿಗೆ ಮತ್ತು ಕಾಯಿಹಾಲು ಕಂಡದ್ದೇ ಹೆಂಡತಿ, "ಬೆಲ್ಲ ಎಲ್ಲೈತವ್ವಾ?" ಅಂದಳು. ನಮ್ಮ ಕಡೆಯವರಿಗೆ ಶಾವಿಗೆ ಕಾಯಿಹಾಲು ಅಂದರೆ ಬೆಲ್ಲ ಬೇಕೇ ಬೇಕು, ಬೇರೆ ಮಾತೇ ಇಲ್ಲ. ಅಮ್ಮ ಬೆಲ್ಲ ಇಲ್ಲ ಅಂದರು. ಗಂಡ ಎದ್ದು ಹೋಗಿ ಎದುರಿನ ಅಂಗಡಿಯಿಂದ ಬೆಲ್ಲದ ಅಚ್ಚು ತಂದು, ಬೆಂಚಿನ ಮೂಲೆಗೆ ಕುಟ್ಟಿ ಪುಡಿ ಮಾಡಿ, ಬೆಳ್ಳುಳ್ಳಿ ಮೆಣಸಿನಪುಡಿ ತೇಲುತ್ತಿದ್ದ ಸಾರಿಗೆ ಸುರಿದುಕೊಂಡ. ಅಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತರು. ನಾನು ಇವತ್ತು ಇಲ್ಲಿ ಕೊಲೆಯಾಗುತ್ತದೆ ಅಂದುಕೊಂಡೆ. ಆತ ಒಂದು ತುತ್ತು ತಿಂದ, ಇನ್ನೊಂದು ತಿಂದ. "ಏ, ಭಾರಿ ಐತಲೇ!" ಅಂತ ಹೆಂಡತಿಗೆ ಹೇಳಿದ. ಅಮ್ಮ ಒಂದು ಬಟ್ಟಲಿಗೆ ಸಾರು ಹಾಕಿಕೊಂಡು ಅವನ ಮುಂದಿದ್ದ ಬೆಲ್ಲವನ್ನೇ ಚಿಟಿಕೆ ತೆಗೆದು ಹಾಕಿ ರುಚಿ ನೋಡಿದರು. ಮಾರನೆಯ ದಿನದಿಂದ ಬೆಲ್ಲದ ಬಟ್ಟಲೂ ಬಂತು.

ಊರಿಗೆ ಗೋಬಿ ಮಂಚೂರಿಯ ಗಾಡಿ ಬಂದಾಗಲೂ ಹೀಗೇ. ಜನ ಅಲ್ಲಿ ಮುತ್ತಿಕೊಂಡಿದ್ದಾರೆ ಅಂತ ತಿಳಿದು, ಸಂಜೆ ನನ್ನನ್ನು ಎಳೆದುಕೊಂಡು ಹೋಗಿ ಒಂದು ಪ್ಲೇಟು ತೆಗೆದುಕೊಂಡು, ರಸ್ತೆಯಲ್ಲೇ ನಿಂತು ತಿಂದರು. "ಹೂಕೋಸಿಗೆ ಕೆಂಪಂಗಿ ತೊಡಿಸ್ಯಾರೆ, ಅಷ್ಟೇ" ಅಂದರು. ಆದರೆ ಪ್ಲೇಟು ಖಾಲಿ ಮಾಡಿದರು. ಒಂದು ವಾರದೊಳಗೆ ಅವರ ಹೋಟೆಲಿನಲ್ಲೂ ಗೋಬಿ ಬಂತು, ಬಣ್ಣವಿಲ್ಲದೆ, ಹುಣಸೆಹುಳಿ, ಶುಂಠಿ, ಕರಿದ ಬೆಳ್ಳುಳ್ಳಿ ಹಾಕಿ. ಅದನ್ನು ಜೋಳದ ರೊಟ್ಟಿಯಲ್ಲಿ ಸುತ್ತಿಕೊಡುತ್ತಿದ್ದರು. ಇವತ್ತು ಯಾವ ಊರಿಗೆ ಹೋದರೂ ನಾನು ಅದನ್ನು ಹುಡುಕುತ್ತೇನೆ, ಸಿಗುವುದಿಲ್ಲ.

ಇಷ್ಟೆಲ್ಲ ತಿಂದ ಊರು ಅವರ ಒಂದು ತಿನಿಸನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಅದು ಅತ್ತೊ. ಗೋಧಿಯ ದಪ್ಪ ಶಾವಿಗೆ, ಸಣ್ಣಗೆ ಹೆಚ್ಚಿದ ಎಲೆಕೋಸು, ಕರಿದ ಈರುಳ್ಳಿ, ಹುಣಸೆರಸ, ಶೇಂಗಾಪುಡಿ, ಕಡಲೆಹಿಟ್ಟು, ಎಣ್ಣೆ. ಎಲ್ಲವನ್ನೂ ಬೋಗುಣಿಗೆ ಹಾಕಿ, ಗಿರಾಕಿಯ ಕಣ್ಣೆದುರಿಗೇ ಬರಿಗೈಯಲ್ಲಿ ಹಿಸುಕಿ ಕಲಸಿ ಕೊಡುವುದು. ಅಲ್ಲೇ ಬಂದಿತ್ತು ತೊಡಕು. ನಮ್ಮಲ್ಲಿ ಒಬ್ಬರು ಕೈಹಾಕಿ ಕಲಸಿದ್ದನ್ನು ಇನ್ನೊಬ್ಬರು ಉಣ್ಣುವುದು ಎಳೆಮಕ್ಕಳಾಗಿದ್ದರೆ, ಕಾಯಿಲೆ ಬಿದ್ದಿದ್ದರೆ ಮಾತ್ರ. ಅದೂ ಹೆತ್ತವ್ವನೋ ಅಜ್ಜಿಯೋ ಕಲಸಿದ್ದು. ಹೋಟೆಲಿನಲ್ಲಿ, ಜಾತಿ ಕುಲ ತಿಳಿಯದ ಹೆಂಗಸು ಕಲಸಿಕೊಟ್ಟದ್ದನ್ನು ಟೋಪಿ ಹಾಕಿದ ವ್ಯಾಪಾರಿ ಉಂಡಾನೆಯೇ? "ಚಮಚದಾಗ ಕಲಸಿಕೊಡ್ರಿ, ತಿಂತೀವಿ" ಅನ್ನುತ್ತಿದ್ದರು. ಅಮ್ಮ ಒಪ್ಪುತ್ತಿರಲಿಲ್ಲ. "ಚಮಚಕ್ಕೆ ಹುಳಿ ಉಪ್ಪು ಏನ್ ಗೊತ್ತಾಗ್ತೈತೆ? ಬೇಡಾದ್ರೆ ಬಿಡಿ." ಮದ್ರಾಸ್ ಕಡೆಯ ಲಾರಿಯವರು ಅಪರೂಪಕ್ಕೆ ಬಂದರೆ ಕೇಳಿ ತಿನ್ನುತ್ತಿದ್ದರು. ನಾನಂತೂ ವಾರಕ್ಕೆರಡು ಸಲ ತಿನ್ನುತ್ತಿದ್ದೆ, ಆದರೆ ನನ್ನನ್ನು ಅವರು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. "ನೀನು ಬಿಡು, ಕಲ್ಲು ಬೇಯಿಸಿ ಕೊಟ್ರೂ ತಿಂತೀಯ." ಆದರೂ ದಿನವೂ ಎಲೆಕೋಸು ಹೆಚ್ಚಿ ಅತ್ತೊಗೆ ಬೇಕಾದದ್ದನ್ನೆಲ್ಲ ಸಾಲಾಗಿ ಇಡುವುದು ಬಿಡಲಿಲ್ಲ. ಉಳಿದದ್ದನ್ನು ಸಂಜೆ ಕಲಸಿಕೊಂಡು ತಾವೇ ಉಣ್ಣುತ್ತಿದ್ದರು.

ಒಂದು ವರ್ಷ ಸಂಕ್ರಾಂತಿಯ ಆಚೀಚೆ, ಪಕ್ಕದ ಎಸ್‌ಟಿಡಿ ಬೂತಿನವನು "ಅಮ್ಮಾ, ಮದ್ರಾಸ್ ಫೋನು!" ಅಂತ ಕೂಗುವುದು ಹೆಚ್ಚಾಯಿತು. ಫೋನು ಮಾಡುತ್ತಿದ್ದವನು ಅವರ ಅಣ್ಣನ ಮಗ. ಅಲ್ಲಿ ಬಂದರಿನ ಹತ್ತಿರ ಬರ್ಮಾದಿಂದ ಬಂದವರದೇ ಕೇರಿ ಇದೆಯಂತೆ, ಸಂಜೆಯಾದರೆ ಅತ್ತೊ ತಿನ್ನಲು ಜನ ಸಾಲು ನಿಲ್ಲುತ್ತಾರಂತೆ. ಅವನೂ ಅಂಗಡಿ ಇಟ್ಟಿದ್ದ. ಅತ್ತೆಯ ಕೈ ಬೇಕಾಗಿತ್ತು.

"ಯುಗಾದಿ ಕಳೀಲಿ, ಹೋಗಿಬಿಡ್ತೀನಿ" ಅಂದರು ಅಮ್ಮ ಒಂದು ದಿನ, ಎಲೆಕೋಸು ಹೆಚ್ಚುತ್ತಾ.

ನಾನು ತಟ್ಟೆ ಪಕ್ಕಕ್ಕೆ ಸರಿಸಿದೆ. "ಇಲ್ಲಿ ನಿಮಗೇನಮ್ಮಾ ಕಮ್ಮಿಯಾಗಿದೆ? ವ್ಯಾಪಾರ ನಡೀತಿಲ್ವಾ?"

"ವ್ಯಾಪಾರದ ಮಾತಲ್ಲ ತಂಗಿ. ಈ ಊರು ನನ್ನ ಸೌಟಿಂದ ಉಂಡೈತೆ, ಕೈಯಿಂದ ಉಂಡಿಲ್ಲ. ಸೌಟಿಂದ ಉಣ್ಣೋರು ಗಿರಾಕಿಗಳು. ಬರ್ತಾರೆ, ಹೋಗ್ತಾರೆ. ನಾನು ಸತ್ರೆ ಈ ಊರಾಗೆ ಗಿರಾಕಿಗಳೇ ಬಂದು ಹೊತ್ಕೊಂಡು ಹೋಗ್ಬೇಕಾ?"

ಅವರು ಹೋಗುತ್ತಾರೆಂದರೆ ನನ್ನ ಊಟ ಹೋಯಿತು ಅನ್ನುವ ಸಂಕಟ ಅಲ್ಲ ನನಗಾದದ್ದು. ಬೆಳಕಿನಲ್ಲಿ ಕೂತು ಉಣ್ಣು ಅಂತ ನನಗೆ ಹೇಳಿದವರು ಅದುವರೆಗೆ ಅವರೊಬ್ಬರೇ.

ಆ ದಿನಗಳಲ್ಲೇ ಒಂದು ಸೋಮವಾರ, ಹೋಟೆಲಿಗೆ ರಜೆ, ಇಬ್ಬರೂ ಬಸ್ಸು ಹತ್ತಿ ಅಂಜನಾಪುರಕ್ಕೆ ಹೋದೆವು. ದಂಡೆಯಲ್ಲಿ ಮೀನು ಹಿಡಿಯುವವರಿಂದ ಎರಡು ಮೀನು ಕೊಂಡು, ಮೂರು ಕಲ್ಲು ಹೂಡಿ, ಚೀಲದಿಂದ ಪಾತ್ರೆ ತೆಗೆದು ಸಾರು ಮಾಡತೊಡಗಿದರು. "ಗಾಳಿ ಆ ಕಡೆ ಬೀಸ್ತೈತೆ. ನೀನು ಈ ಕಡೆ ಕೂತ್ಕೋ, ವಾಸನೆ ಬರಲ್ಲ" ಅಂತ ಮೀನು ಮುಟ್ಟದ ನನಗೆ ಜಾಗ ತೋರಿಸಿದರು. ಊರಿನಲ್ಲಿ ಕೆಲವರು, ಬರ್ಮಾದಮ್ಮ ಸಾರಿಗೆ ಗುಟ್ಟಾಗಿ ಒಣಮೀನಿನ ಪುಡಿ ಹಾಕುತ್ತಾಳೆ ಅಂತ ಗುಸುಗುಸು ಮಾಡುತ್ತಿದ್ದದ್ದು ನನಗೆ ಗೊತ್ತಿತ್ತು. ಅವರಿಗೂ ಗೊತ್ತಿತ್ತು. ಕೇಳಿಯೇಬಿಟ್ಟೆ.

"ಮಳಿಗೆ ಬಾಡಿಗೆಗೆ ಕೊಡೋವಾಗ ಅದರ ಯಜಮಾನ್ರು ಒಂದೇ ಮಾತು ಕೇಳಿದ್ರು. ಮೀನು ಮಾಂಸ ಬೇಡ ಅಂದ್ರು. ಹೂಂ ಅಂದೆ. ಆಯ್ತಲ್ಲ, ಮುಗೀತು."

ಉಂಡು ಮುಗಿಸಿ ಪಾತ್ರೆಯನ್ನು ಬೂದಿ ಹಾಕಿ ತಿಕ್ಕಿದರು. ಕಾಲುವೆಗಿಳಿದು ಮುಳುಗು ಹಾಕಿ, ಬೇರೆ ಸೀರೆ ಉಟ್ಟುಕೊಂಡ ಮೇಲೆಯೇ ವಾಪಸು ಬಸ್ಸು ಹತ್ತಿದ್ದು. ಅವತ್ತು ನನಗೆ ಆ ಗುಸುಗುಸು ಮಾಡಿದವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹೇಗಾದರೂ ಮಾಡಿ ಇವರನ್ನು ಉಳಿಸಿಕೊಳ್ಳಬೇಕು ಅಂತ ಹಟ ಹುಟ್ಟಿದ್ದು ಆ ಬಸ್ಸಿನಲ್ಲಿಯೇ.

ನನ್ನ ತಲೆಯಲ್ಲಿ ಹೊಳೆದದ್ದು ಅಪ್ಪ. ಭತ್ತದ ವ್ಯಾಪಾರದಿಂದಾಗಿ ಶಿಕಾರಿಪುರದ ವರ್ತಕರೆಲ್ಲ ಅಪ್ಪನಿಗೆ ಪರಿಚಯ. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಮಾತಿಗೆ ತೂಕ. ಅಂಥ ಅಪ್ಪ ಎಲ್ಲರೆದುರಿಗೆ ಒಂದು ಪ್ಲೇಟು ಅತ್ತೊ ಉಂಡರೆ ಮಿಕ್ಕವರೂ ಉಂಡಾರು. ಅಜ್ಜಿಯ ಕಣ್ಣು ಡಾಕ್ಟರಿಗೆ ತೋರಿಸುವ ನೆಪದಲ್ಲಿ ಅಪ್ಪ, ಅವ್ವ, ಅಜ್ಜಿ ಮೂವರನ್ನೂ ಸೊರಬದಿಂದ ಕರೆಸಿದೆ. ಮಧ್ಯಾಹ್ನ ಮೆರವಣಿಗೆಯ ಹಾಗೆ ಬರ್ಮಾ ಹೋಟ್ಲಿಗೆ ಕರೆದುಕೊಂಡು ಹೋದೆ. ಮಳಿಗೆಯ ಯಜಮಾನರು ಎಂದಿನಂತೆ ಮೂಲೆಯಲ್ಲಿ ಚಹಾ ಕುಡಿಯುತ್ತಾ ಕೂತಿದ್ದರು. ಅವರು ಅಲ್ಲಿ ಚಹಾ ಬಿಟ್ಟು ಬೇರೆ ಏನನ್ನೂ ಮುಟ್ಟಿದವರಲ್ಲ. "ಓಹೋ, ಸೊರಬದ ಸಾವ್ಕಾರ್ರು! ಬರ್ರಿ, ಕುಂದರ್ರಿ" ಅಂತ ಅಪ್ಪನಿಗೆ ಜಾಗ ಬಿಟ್ಟರು.

ಅಜ್ಜಿ ಲಿಂಗಪೂಜೆಯಾಗದೆ ತುತ್ತು ಎತ್ತುವವಳಲ್ಲ. ಅದನ್ನು ನಾನು ಮರೆತೇಬಿಟ್ಟಿದ್ದೆ. "ಒಂದು ತಂಬಿಗೆ ನೀರು ಕೊಡು ಮಗಾ, ಕೂರಕ್ಕೆ ಜಾಗ ತೋರಿಸು" ಅಂದಳು. ಅಮ್ಮ ಏನೂ ಕೇಳದೆ ಒಂದು ಬೆಂಚನ್ನು ಪೂರ್ತಿ ಖಾಲಿ ಮಾಡಿಸಿ, ತೊಳೆದು ಒರೆಸಿ, ಹಿತ್ತಾಳೆ ತಂಬಿಗೆಯಲ್ಲಿ ನೀರು ತಂದಿಟ್ಟರು. ಅಜ್ಜಿ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕಣ್ಣು ಮುಚ್ಚಿದಾಗ ಹಮಾಲರು ಏನೋ ಜೋರಾಗಿ ನಗುತ್ತಿದ್ದರು. "ಲೇ, ಸುಮ್ನಿರ್ರೋ" ಅಂದರು ಅಮ್ಮ. ಪೂಜೆ ಮುಗಿಯುವವರೆಗೆ ಒಲೆಯ ಮೇಲಿನ ಸಾರು ಕುದಿಯುವ ಸದ್ದೊಂದೇ.

ನಾನು ಗಟ್ಟಿಯಾಗಿ, ಎಲ್ಲರಿಗೂ ಕೇಳಿಸುವ ಹಾಗೆ, "ಅಪ್ಪನಿಗೆ ಅತ್ತೊ ಕೊಡಿ" ಅಂದೆ. ಅಪ್ಪ ಬೋಗುಣಿ ನೋಡಿದರು, ಅಮ್ಮನ ಕೈ ನೋಡಿದರು, ಮೂಲೆಯಲ್ಲಿದ್ದ ಯಜಮಾನರ ಮುಖ ನೋಡಿದರು. ಗಂಟಲು ಸರಿಮಾಡಿಕೊಂಡರು.

"ಚಮಚ ಐತೇನ್ರೀ?"

ಅಮ್ಮ ಬೈಯಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾದದ್ದು. ಬೋಗುಣಿಯನ್ನು ಹಿಂದಕ್ಕೆ ಸರಿಸಿ, "ಖಾವ್‌ಸ್ವೆ ಕೊಡ್ತೀನಿ ಅಣ್ಣಾ. ಅದಕ್ಕೆ ಚಮಚ ಐತೆ" ಅಂದರು. ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಹೋಯಿತು, ಎಲ್ಲ ಹೋಯಿತು, ಇವರು ನಾಳೆಯೇ ಹೊರಡುತ್ತಾರೆ ಅಂದುಕೊಂಡೆ.

"ಎಂತದೇ ಅದು?" ಅಜ್ಜಿಯ ದನಿ. ಕಣ್ಣು ಮಂಜಾಗಿದ್ದರೂ ಬೋಗುಣಿ ಹಿಂದೆ ಹೋದದ್ದು ಅವಳಿಗೆ ಕಂಡಿತ್ತು.

"ಅದು ನಿಮಗೆ ಬೇಡ ಅಜ್ಜಿ. ಕೈಯಲ್ಲಿ ಕಲಸೋದು."

"ಕೈಯಲ್ಲಿ ಕಲಸ್ದೆ ಕಾಲಲ್ಲಿ ಕಲಸ್ತಾರನೇ? ಕಲಸು."

"ಅವ್ವಾ..." ಅಂದರು ಅಪ್ಪ.

"ನೀ ಸುಮ್ನಿರೋ. ಸಣ್ಣೋನಿದ್ದಾಗ ಚಮಚ ಕೇಳಿದ್ಯಾ?" ಆಮೇಲೆ ಅಜ್ಜಿ ಅಮ್ಮನ ಕಡೆ ತಿರುಗಿದಳು. "ನಮ್ಮವ್ವ ಸತ್ತಾಗ ನಂಗಿನ್ನೂ ಲಂಗ ಉಡೋ ವಯಸ್ಸು ಕಣೇ ತಂಗಿ. ತಮ್ಮಂದಿರಿಗೆ ನಾನೇ ಕಲಸಿ ಹಾಕ್ದೆ. ಮದ್ವೆಯಾಗಿ ಬಂದೆ, ಮೈದುನರಿಗೆ ಹಾಕ್ದೆ, ಮಕ್ಕಳಿಗೆ ಹಾಕ್ದೆ, ಮೊಮ್ಮಕ್ಕಳಿಗೆ ಹಾಕ್ದೆ. ನಂಗೆ ಅಂತ ಯಾರೂ ಒಂದು ತುತ್ತು ಕಲಸಿ ಕೊಟ್ಟಿಲ್ಲ ನೋಡು. ಕಲಸು, ನಿಂತ್ಕೊಂಡು ಎಂತ ನೋಡ್ತಿ?"

ಅಮ್ಮ ಹಿತ್ತಿಲಿಗೆ ಹೋದರು. ಕೈ ತೊಳೆಯಲು ಹೋದವರು ಬಹಳ ಹೊತ್ತು ಬರಲಿಲ್ಲ. ಬಂದಾಗ ಮುಖವನ್ನೂ ತೊಳೆದುಕೊಂಡಿದ್ದರು, ಕೆನ್ನೆಯ ಮೇಲಿನ ಬೇಲದ ಲೇಪ ಹೋಗಿತ್ತು. ಅಜ್ಜಿಗೆ ಹಲ್ಲಿಲ್ಲ ಅಂತ ಶಾವಿಗೆಯನ್ನು ಸಣ್ಣಗೆ ಮುರಿದರು, ಎಲೆಕೋಸನ್ನು ಬಿಸಿನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿದರು. ಕಲಸಿ ಕಲಸಿ ತಟ್ಟೆಗೆ ಹಾಕಹೋದರು. ಅಜ್ಜಿ ತಟ್ಟೆಯನ್ನು ಪಕ್ಕಕ್ಕೆ ತಳ್ಳಿ, ಅಂಗೈ ಚಾಚಿದಳು.

"ಇಲ್ಲಿ ಹಾಕು."

ಹಾಕಿದರು. ಅಜ್ಜಿ ಬೊಚ್ಚುಬಾಯಲ್ಲಿ ನಿಧಾನವಾಗಿ ಮೆಲ್ಲತೊಡಗಿದಳು.

"ಚೊಲೋ ಐತೆ. ಉಪ್ಪು ಒಂಚೂರು ಕಮ್ಮಿ" ಅಂದಳು ಅಜ್ಜಿ, ಮತ್ತೆ ಅಂಗೈ ಚಾಚುತ್ತಾ.

ಅಡುಗೆಯಲ್ಲಿ ಕೊಂಕು ತೆಗೆದವರನ್ನು ಅಮ್ಮ ಬೆಂಚಿನಿಂದ ಎಬ್ಬಿಸಿ ಕಳಿಸಿದ್ದನ್ನು ನಾನೇ ಕಣ್ಣಾರೆ ನೋಡಿದ್ದೆ. ಅವತ್ತು ತುಟಿ ಪಿಟಕ್ಕೆನ್ನದೆ ಚಿಟಿಕೆ ಉಪ್ಪು ಹಾಕಿ ಇನ್ನೊಮ್ಮೆ ಕಲಸಿದರು. ಅಜ್ಜಿಯ ಕಣ್ಣಿಗೆ ಹೆದರಿಯೋ ಏನೋ, ಅಪ್ಪನೂ ಕೈ ಚಾಚಿದರು. ಅವ್ವ ಹಸಿವಿಲ್ಲ ಅಂದು ಬರೀ ಸೂಪು ಕುಡಿದಳು. ಅವಳನ್ನು ಯಾರೂ ಒತ್ತಾಯ ಮಾಡಲಿಲ್ಲ. ಮೂಲೆಯಲ್ಲಿದ್ದ ಯಜಮಾನರು ಅರ್ಧ ಚಹಾ ಬಿಟ್ಟು ಎದ್ದು ಹೋದರು, ಅದಕ್ಕೆ ಏನರ್ಥವೋ ನನಗೆ ಇವತ್ತಿಗೂ ತಿಳಿಯದು. ಹಮಾಲರಲ್ಲಿ ಒಬ್ಬ, "ನಮಗೂ ಒಂದು ಮುಷ್ಟಿ ಹಾಕಮ್ಮ, ನೋಡಾಣ" ಅಂದ.

ಮನೆಯವರನ್ನು ಸೊರಬದ ಬಸ್ಸಿಗೆ ಹತ್ತಿಸಿ ನಾನು ವಾಪಸು ಬರುವಷ್ಟರಲ್ಲಿ ಬೂತಿನವನು ಕೂಗುತ್ತಿದ್ದ, ಮದ್ರಾಸ್ ಫೋನು ಅಂತ. ಅಮ್ಮ ಬೂತಿನ ಗಾಜಿನ ಬಾಗಿಲು ಹಾಕಿಕೊಳ್ಳದೆಯೇ ರಿಸೀವರ್ ಹಿಡಿದು ನಿಂತರು. ಅವರ ತಮಿಳು ನನಗೆ ಅಷ್ಟಿಷ್ಟು ಅರ್ಥವಾಗುತ್ತಿತ್ತು, ಅದೂ ಅವರು ರಸ್ತೆಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದರು. ಆ ಕಡೆಯವನು ಟಿಕೆಟ್ಟಿನ ಮಾತೆತ್ತಿರಬೇಕು.

"ಇಲ್ಲ ಕಣೋ, ಬರಲ್ಲ. ಯುಗಾದಿಗೂ ಬರಲ್ಲ, ಆಮೇಲೂ ಬರಲ್ಲ. ಏನಾಯ್ತು ಅಂದ್ರೆ? ಇಲ್ಲೊಬ್ಬಳು ಮುದುಕಿ ನನ್ನ ಕೈಯಿಂದ ಉಂಡು, ಉಪ್ಪು ಕಮ್ಮಿ ಅಂದು ಹೋಗಿದಾಳೆ. ಅದನ್ನ ಹಂಗೇ ಬಿಟ್ಟು ಹೆಂಗೋ ಬರಲಿ?"